ಕೇಳಲು ಕಲಿಯೋಣ, ಹೇಳಲೂ ಕಲಿಯೋಣ

ಇಚಲಕರಂಜಿಯಲ್ಲಿ ವಿದ್ಯುತ್ ಮಗ್ಗ ನಿಂತರೆ ರಿಪೇರಿಯವನನ್ನು ಕರೆಸುತ್ತೇವೆ. ‘ಮಗ್ಗ ಕೆಟ್ಟಿದೆ’ ಎಂದಷ್ಟೇ ಹೇಳಿದರೆ ಅವನಿಗೇನು ತಿಳಿದೀತು? ಯಾವಾಗ ನಿಂತಿತು, ಎಳೆ ಎಲ್ಲಿ ತುಂಡಾಗುತ್ತದೆ, ಅದಕ್ಕೂ ಮೊದಲು ಏನನ್ನು ಬದಲಾಯಿಸಿದೆವು ಎಂಬುದನ್ನು ಹೇಳಬೇಕು. ಕಂಪ್ಯೂಟರ್ ಪ್ರೋಗ್ರಾಂ ಬರೆಯಲು ಕಲಿಯುವ ನಮ್ಮ ಮಕ್ಕಳ ಪಾಡೂ ಇದೇ.

ಅದೇ ಊರಿನ ಡಿ.ಕೆ.ಟಿ.ಇ. ಸಂಸ್ಥೆ 1982ರಲ್ಲಿ, ಕೊಲ್ಲಾಪುರದ ಕೆ.ಐ.ಟಿ. ಕಾಲೇಜು 1983ರಲ್ಲಿ ಆರಂಭವಾದವು. ಗಡಹಿಂಗ್ಲಜ ಕಡೆಯ ಕನ್ನಡ ಮನೆಗಳ ಮಕ್ಕಳಿಗೂ ಇಂಥ ಓದು ಇಂದು ದೂರದ್ದಲ್ಲ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಪುಸ್ತಕದಲ್ಲಿ ಇಂಗ್ಲಿಷ್. ನಡುರಾತ್ರಿ ಪ್ರೋಗ್ರಾಂ ಓಡದೆ ನಿಂತರೆ ಯಾರನ್ನು ಕೇಳುವುದು?

ಈ ಪ್ರಶ್ನೆಗೆ ಉತ್ತರವಾಗಿ 2008ರಲ್ಲಿ ಅಮೆರಿಕದ ಜೆಫ್ ಆಟ್‌ವುಡ್ ಮತ್ತು ಜೋಯೆಲ್ ಸ್ಪೋಲ್ಸ್ಕಿ ‘ಸ್ಟ್ಯಾಕ್ ಓವರ್‌ಫ್ಲೋ’ ತಾಣವನ್ನು ಆರಂಭಿಸಿದರು. ಅಲ್ಲಿ ಯಾರು ಬೇಕಾದರೂ ಕೇಳಬಹುದು. ಬಲ್ಲವರು ಬಿಡಿಗಾಸೂ ಪಡೆಯದೆ ಉತ್ತರಿಸುತ್ತಾರೆ. ಒಳ್ಳೆಯ ಉತ್ತರಕ್ಕೆ ಓದುಗರ ಮತ ಸಿಗುತ್ತದೆ. ಆದರೆ ಶಿಸ್ತು ಬಿಗಿ. ಹಿಂದೆ ಬೇರೆಯವರು ಕೇಳಿದ್ದನ್ನೇ ಮತ್ತೆ ಕೇಳಿದರೆ ಪ್ರಶ್ನೆಗೆ ಬಾಗಿಲು ಮುಚ್ಚುತ್ತಾರೆ. ಹೊಸಬರಿಗೆ ಇಲ್ಲಿ ಆದರ ಸಾಲದೆಂದು 2018ರಲ್ಲಿ ಆ ಸಂಸ್ಥೆಯೇ ಒಪ್ಪಿಕೊಂಡಿತು. ಇಂಗ್ಲಿಷಿಗೆ ಅಂಜುವ ಹಳ್ಳಿಯ ಮಗುವಿಗೆ ಈ ಬಿಗುವು ಇನ್ನೂ ಭಾರ.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂತು. ಅದು ಗದರುವುದಿಲ್ಲ, ಕನ್ನಡದಲ್ಲಿ ಕೇಳಿದರೂ ಉತ್ತರ ಕೊಡುತ್ತದೆ. ಇದು ದೊಡ್ಡ ಉಪಕಾರವೇ ಸರಿ. ಆದರೆ ಅದರ ಉತ್ತರ ನೋಡಲು ಸರಿಯೆನಿಸಿದರೂ ಎಷ್ಟೋ ಸಲ ತಪ್ಪಾಗಿರುತ್ತದೆ. ಅದಕ್ಕಾಗಿಯೇ ಸ್ಟ್ಯಾಕ್ ಓವರ್‌ಫ್ಲೋ ಮರುತಿಂಗಳೇ ಅಂಥ ಉತ್ತರಗಳನ್ನು ನಿಷೇಧಿಸಿತು. ಅಂದಿನಿಂದ ಅಲ್ಲಿಗೆ ಬರುವ ಪ್ರಶ್ನೆಗಳೂ ಬಹಳ ಇಳಿದಿವೆ.

ನಾವು ಯೋಚಿಸಬೇಕಾದದ್ದು ಇಲ್ಲಿಯೇ. ಯಂತ್ರ ಕಲಿತದ್ದು ಮನುಷ್ಯರು ಬರೆದಿಟ್ಟದ್ದರಿಂದ. ಎಲ್ಲರೂ ಯಂತ್ರವನ್ನೇ ಕೇಳಿ, ಯಾರೂ ಯಾರಿಗೂ ಹೇಳಿಕೊಡದಿದ್ದರೆ ನಾಳಿನ ಹೊಸ ತೊಡಕಿಗೆ ಉತ್ತರ ಎಲ್ಲಿಂದ ಬರಬೇಕು? ಎಲ್ಲರೂ ನೀರು ಸೇದಿ, ಹೂಳೆತ್ತುವವರೇ ಇಲ್ಲದ ಬಾವಿ ಎಷ್ಟು ದಿನ ಉಳಿದೀತು?

ತಂದೆತಾಯಂದಿರೇ, ನಮಗೆ ಪ್ರೋಗ್ರಾಂ ಬಾರದಿರಬಹುದು. ಆದರೂ ಮಗ ತಲೆಯ ಮೇಲೆ ಕೈಹೊತ್ತು ಕುಳಿತಾಗ ಪಕ್ಕದಲ್ಲಿ ಕುಳಿತು, ‘ಏನಾಗಬೇಕಿತ್ತು? ಏನಾಯಿತು? ನೀನು ಏನು ಮಾಡಿ ನೋಡಿದೆ?’ ಎಂದು ಕೇಳಬಹುದಲ್ಲ. ಮನೆಮಾತಿನಲ್ಲಿ ಬಿಡಿಸಿ ಹೇಳುವಾಗಲೇ ಎಷ್ಟೋ ತಪ್ಪುಗಳು ಕಣ್ಣಿಗೆ ಬೀಳುತ್ತವೆ. ಉಳಿದದ್ದನ್ನು ಮೇಷ್ಟ್ರ ಮುಂದೆಯೋ ತಾಣದಲ್ಲೋ ನಾಚದೆ, ಅಚ್ಚುಕಟ್ಟಾಗಿ ಕೇಳಲಿ. ಉತ್ತರ ಸಿಕ್ಕ ಮೇಲೆ ಹಿಂದಿನ ಬೆಂಚಿನ ಗೆಳೆಯನಿಗೆ ಅದನ್ನು ಹೇಳಿಕೊಡಲಿ. ಪಡೆದದ್ದು ಆಗಲೇ ನಿಜವಾಗಿ ತನ್ನದಾಗುತ್ತದೆ.