ಸಂಪಾಜೆಯ ಹೆಬ್ಬಾಗಿಲು

ಹಳೆಯ ಊರಿನ ಹೆಬ್ಬಾಗಿಲು ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಕಲ್ಲು. ಬೀದರಿನ ಫತೇ ದರ್ವಾಜಾ, ಚಿತ್ರದುರ್ಗದ ಪೇಟೆಯ ನಡುವೆ ಇಂದಿಗೂ ನಿಂತಿರುವ ರಂಗಯ್ಯನ ಬಾಗಿಲು, ಹಂಪೆಯ ಭೀಮನ ಹೆಬ್ಬಾಗಿಲು, ಹೀಗೆ. ಇಂಥದ್ದನ್ನೇ ನೋಡಬೇಕೆಂದು ಕೊಡಗಿಗೆ ಬಂದವರಿಗೆ ಸಿಗುವುದು ಮಡಿಕೇರಿಯ ಕೋಟೆ ಒಂದೇ. ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ ಕೊಡಗಿನ ಅರಸ ಮುದ್ದುರಾಜ ಕಟ್ಟಿಸಿದ ಮಣ್ಣಿನ ಕೋಟೆ ಅದು. ಮುಂದೆ ಟಿಪ್ಪು ಅದನ್ನು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಕರೆದ. ಒಳಗಿನ ಅರಮನೆ, ಅಂಗಳದಲ್ಲಿರುವ ಆಳೆತ್ತರ ಮೀರಿದ ಎರಡು ಗಾರೆಯ ಆನೆಗಳು, ಈಗ ವಸ್ತುಸಂಗ್ರಹಾಲಯವಾಗಿರುವ ಹಳೆಯ ಇಗರ್ಜಿ, ಎಲ್ಲವೂ ನೋಡತಕ್ಕವೇ. ಆದರೆ ಕೊಡಗೆಂಬ ರಾಜ್ಯದ ಹೆಬ್ಬಾಗಿಲು ಯಾವುದು ಎಂದು ಕೇಳಿದರೆ ಬೆರಳು ತೋರಿಸಬೇಕಾದದ್ದು ಈ ಕೋಟೆಯತ್ತ ಅಲ್ಲ. ಸುಳ್ಯದಿಂದ ಮಡಿಕೇರಿಗೆ ಏರುವ ದಾರಿಯಲ್ಲಿ, ಪಯಸ್ವಿನಿ ಹೊಳೆಯ ಪಕ್ಕ, ಘಟ್ಟದ ಬುಡದಲ್ಲಿ ಕುಳಿತಿರುವ ಸಂಪಾಜೆಯತ್ತ.

ಬಾಗಿಲು ಮಾಡುವ ಕೆಲಸವೇನು ಎಂಬುದರಿಂದ ಯೋಚನೆ ಶುರುಮಾಡೋಣ. ಬಂದವನನ್ನು ತಡೆಯುವುದು, ಯಾರೆಂದು ಕೇಳುವುದು, ಸರಕಿಗೆ ಸುಂಕ ಎತ್ತುವುದು, ಬೇಡದವನನ್ನು ಹಿಂದಕ್ಕೆ ಕಳಿಸುವುದು. ಈ ಕೆಲಸ ನಡೆಯುವ ಜಾಗಕ್ಕೆ ಕನ್ನಡದಲ್ಲಿ ಹಿಂದಿನಿಂದಲೂ ಇರುವ ಮಾತು ಉಕ್ಕಡ. ಅಲ್ಲಿ ಕಮಾನು ಇರಲೇಬೇಕೆಂದಿಲ್ಲ. ಕಾವಲಿನವರು, ದಾರಿಗೆ ಅಡ್ಡ ಒಂದು ಮರ, ಪಕ್ಕದಲ್ಲಿ ತಪ್ಪಿಸಿಕೊಂಡು ಹೋಗಲಾಗದಂಥ ನೆಲ, ಇಷ್ಟು ಸಾಕು. ಕೊಡಗಿನಲ್ಲಿ ಆ ನೆಲ ತಾನಾಗಿಯೇ ಒದಗಿತ್ತು. ಸುತ್ತ ಕಾಡು, ಒಳಬರಲು ಕೆಲವೇ ಕಣಿವೆಗಳು. ನೆಲ ಕೈಕೊಟ್ಟ ಕಡೆ ಕೊಡಗರು ಕಡಂಗ ತೋಡಿದರು: ಬೆಟ್ಟ, ಕಾಡು, ಗದ್ದೆಯಂಚುಗಳನ್ನು ದಾಟಿ ಮೈಲಿಗಟ್ಟಲೆ ಸಾಗುವ ಆಳವಾದ ಅಗಳು, ಅದರ ಪಕ್ಕಕ್ಕೇ ಏರಿಸಿದ ಮಣ್ಣಿನ ದಿಬ್ಬ. ನಾಡುನಾಡುಗಳ ಗಡಿಯೂ ಅದೇ, ಯುದ್ಧದಲ್ಲಿ ಮರೆಯೂ ಅದೇ. ಕಡಂಗವೆಂಬ ಹೆಸರು ಹೊತ್ತ ಊರೇ ಕೊಡಗಿನಲ್ಲಿದೆ. ಅಂದರೆ ಇಲ್ಲಿ ಕೋಟೆಯೊಳಗೆ ಊರಿರಲಿಲ್ಲ, ನಾಡೇ ಕೋಟೆಯಾಗಿತ್ತು. ಗೋಡೆ ಮಲೆ, ಅಗಳು ಕಡಂಗ, ಬಾಗಿಲು ಘಟ್ಟ.

ಬರೀ ಉಪಮೆಯ ಆಟವಿದು ಎನ್ನುವವರಿಗೆ 1834ರ ಏಪ್ರಿಲ್ ಮೊದಲ ವಾರವೇ ಉತ್ತರ. ಕೊಡಗಿನ ಅರಸ ಚಿಕ್ಕವೀರರಾಜೇಂದ್ರನ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಹಲವು ದಿಕ್ಕುಗಳಿಂದ ಏರಿಬಂತು. ಉತ್ತರದಿಂದ ಕರ್ನಲ್ ವಾ ನಡೆಸಿಕೊಂಡು ಬಂದ ಪಡೆ ಬುಕ್ಕದ ಬಳಿ ಕೊಡಗರ ತಡೆಗೆ ಸಿಕ್ಕಿ ಪೆಟ್ಟು ತಿಂದು ಹಿಂದೆ ಸರಿಯಿತು. ಕರಾವಳಿಯ ಕುಂಬಳೆಯಿಂದ ಹೊರಟ ಕರ್ನಲ್ ಜಾಕ್ಸನ್‌ನ ಪಡೆಯದೂ ಅದೇ ಗತಿ. ಘಟ್ಟ ಹತ್ತುವುದು ಅದರಿಂದಾಗಲಿಲ್ಲ. ಇಷ್ಟಾದರೂ ಅರಸ ಸಂಧಿಗೆ ಒಲಿದ. ಪೂರ್ವದ ಬಯಲಿನ ಕಡೆಯಿಂದ ಬಂದ ಲಿಂಡ್ಸೆಯ ಸೈನ್ಯ ಮಡಿಕೇರಿ ತಲುಪಿ, ಏಪ್ರಿಲ್ 6ರಂದು ಕೋಟೆಯ ಮೇಲೆ ಕಂಪನಿಯ ಬಾವುಟ ಏರಿಸಿತು. ಟಿಪ್ಪು ಕಲ್ಲಿನಲ್ಲಿ ಕಟ್ಟಿಸಿದ ಬಾಗಿಲು ಆ ದಿನ ಯಾರನ್ನೂ ತಡೆಯಲಿಲ್ಲ. ತಡೆದದ್ದು ಮಣ್ಣು, ಮರ, ಕಣಿವೆ. ಮಡಿಕೇರಿ ಕೋಟೆಯ ಪೂರ್ವದ ಪ್ರವೇಶವನ್ನು ಗಮನಿಸಿದವರಿಗೆ ಇನ್ನೊಂದು ಸಂಗತಿ ಹೊಳೆದೀತು. ಅಲ್ಲಿ ದಾರಿ ನೇರವಾಗಿ ಒಳಗೆ ಹೋಗುವುದಿಲ್ಲ, ಕೊತ್ತಳದ ಪಕ್ಕದಲ್ಲಿ ಸುತ್ತಿ ಬಳಸಿ ಹೋಗುತ್ತದೆ. ನುಗ್ಗಿ ಬರುವವರ ಓಟ ಮುರಿಯಲೆಂದು, ಮೇಲಿಂದ ಹೊಡೆಯಲು ಹೊತ್ತು ಸಿಗಲೆಂದು ಕೋಟೆ ಕಟ್ಟುವವರು ಎಲ್ಲ ಕಡೆಯೂ ಹೂಡಿದ ಉಪಾಯ ಅದು. ಚಿತ್ರದುರ್ಗದ ಸುತ್ತುಗಳಲ್ಲೂ ಇದೆ. ಸಂಪಾಜೆಯಿಂದ ಮಡಿಕೇರಿಗೆ ಮೂವತ್ತು ಕಿಲೋಮೀಟರಿನೊಳಗೆ ಸುಮಾರು ಸಾವಿರ ಮೀಟರ್ ಮೇಲೇರುವ ತಿರುವುಗಳಲ್ಲಿ ಬೆಟ್ಟ ಮಾಡುತ್ತಿರುವುದೂ ಇದನ್ನೇ.

ಗಡಿಯಲ್ಲಿರುವ ಊರನ್ನೆಲ್ಲ ಬಾಗಿಲೆಂದು ಕರೆದರೆ ಆ ಮಾತಿಗೆ ಬೆಲೆಯೇನು ಉಳಿಯಿತು ಎಂಬ ಆಕ್ಷೇಪ ಬರಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಸಂಪಾಜೆಯ ಮಟ್ಟಿಗೆ ಗಡಿ ಬೇರೆ, ಬಾಗಿಲು ಬೇರೆ. ಸುಳ್ಯದಿಂದ ಹೊರಟವರಿಗೆ ಕೊಡಗು ಜಿಲ್ಲೆ ಮೊದಲು ಸಿಗುವುದು ಪೆರಾಜೆಯಲ್ಲಿ. ಅದನ್ನು ದಾಟಿದರೆ ಅರಂತೋಡು, ಕಲ್ಲುಗುಂಡಿ, ಮತ್ತೆ ದಕ್ಷಿಣ ಕನ್ನಡ. ಆಮೇಲೆ ಕೊಡಗು ಸಂಪಾಜೆ. ಸಂಪಾಜೆಯಾದರೂ ಒಂದಲ್ಲ, ಎರಡು ಜಿಲ್ಲೆಗೂ ಒಂದೊಂದು. ನಕ್ಷೆಯ ಗೆರೆ ಹೀಗೆ ಅಂಕುಡೊಂಕಾಗಿ ಓಡಾಡುತ್ತದೆ; ಮನೆಮನೆಗಳಲ್ಲಿ ಆಡುವ ಅರೆಭಾಷೆ ಎಂಬ ನುಡಿಗಂತೂ ಆ ಗೆರೆಯ ಹಂಗೇ ಇಲ್ಲ. ಪೆರಾಜೆಯಲ್ಲಿ ಜಿಲ್ಲೆ ಶುರುವಾದರೂ ಘಟ್ಟ ಹತ್ತುವ ವಾಹನಗಳನ್ನು ನಿಲ್ಲಿಸಿ ನೋಡುವ ಗೇಟು ಇರುವುದು ಸಂಪಾಜೆಯಲ್ಲಿ. ಕಣಿವೆ ಕಿರಿದಾಗಿ, ಏರು ಶುರುವಾಗಿ, ಪಕ್ಕಕ್ಕೆ ತಿರುಗಲು ದಾರಿಯಿಲ್ಲದಾಗುವುದು ಅಲ್ಲೇ. 1834ರ ನಂತರ ಕಂಪನಿ ಅಮರ ಸುಳ್ಯ ಮತ್ತು ಪುತ್ತೂರು ಸೀಮೆಗಳನ್ನು ಕೊಡಗಿನಿಂದ ಕಿತ್ತು ಕೆನರಾಕ್ಕೆ ಸೇರಿಸಿತು. ಕಂದಾಯವನ್ನು ಹಣದಲ್ಲೇ ಕಟ್ಟಬೇಕೆಂಬ ಒತ್ತಾಯವೂ ಸೇರಿ 1837ರಲ್ಲಿ ರೈತರು ದಂಗೆಯೆದ್ದು ಮಂಗಳೂರನ್ನೇ ಹಿಡಿದರು. ದಂಗೆಯ ನಾಯಕರಲ್ಲೊಬ್ಬನಾದ ಗುಡ್ಡೆಮನೆ ಅಪ್ಪಯ್ಯ ಗೌಡನನ್ನು ಆ ವರ್ಷದ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯ ಬಳಿ ಗಲ್ಲಿಗೇರಿಸಿದರು. ಗೆರೆ ಅರಸರಿಂದ ಕಂಪನಿಗೆ, ಕಂಪನಿಯಿಂದ ಸರ್ಕಾರಕ್ಕೆ ಕೈ ಬದಲಾಗುತ್ತ ಸರಿದಾಡಿತು. ಬಾಗಿಲು ಸರಿಯಲಿಲ್ಲ. 2020ರ ಕೊರೊನಾ ಕಾಲದಲ್ಲಿ ಕರಾವಳಿಯಿಂದ ಬಂದವರನ್ನು ನಿಲ್ಲಿಸಿ ಎಲ್ಲಿಂದ, ಎಲ್ಲಿಗೆ ಎಂದು ಕೇಳಿದ್ದೂ ಸಂಪಾಜೆಯಲ್ಲೇ. ಉಕ್ಕಡದ ಕಾವಲುಗಾರ ಕೇಳುತ್ತಿದ್ದದ್ದೂ ಅದನ್ನೇ ಅಲ್ಲವೇ?

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯದು. ನೋಡಲು ಏನೂ ಇಲ್ಲದ ಬಾಗಿಲನ್ನು ನೋಡಲು ಯಾರಾದರೂ ಏಕೆ ಬರಬೇಕು? ಬೆಂಗಳೂರನ್ನು ನೆನೆದುಕೊಳ್ಳಿ. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಪೇಟೆಯೊಳಗೆ ನುಗ್ಗಿದ್ದು ಹಲಸೂರು ಬಾಗಿಲಿನಿಂದ. ಆ ಬಾಗಿಲು ಇಂದು ಇಲ್ಲ. ಹಲಸೂರು ಗೇಟ್ ಎಂಬ ಪೊಲೀಸ್ ಠಾಣೆಯ ಹೆಸರಿನಲ್ಲಿ ಮಾತ್ರ ಉಳಿದಿದೆ. ಕಲ್ಲು ಹೋದರೆ ಅಲ್ಲಿ ಹೆಸರಷ್ಟೇ. ಸಂಪಾಜೆಯಲ್ಲಿ ಕಲ್ಲು ಇರಲಿಲ್ಲವಾದ್ದರಿಂದ ಬಾಗಿಲು ಇನ್ನೂ ಇಡಿಯಾಗಿ ಇದೆ: ಎರಡೂ ಕಡೆಯ ಮಲೆ, ನಡುವೆ ಹೊಳೆ, ಹೊಳೆಯ ಜೊತೆಗೇ ಏರುವ ಒಂದೇ ದಾರಿ. ನೋಡಲು ಬೇಕಾದದ್ದೆಲ್ಲ ಇದೆ, ನಾವು ಅದನ್ನು ಬಾಗಿಲೆಂದು ನೋಡುತ್ತಿಲ್ಲ ಅಷ್ಟೆ.

ಹಾಗೆ ನೋಡದಿದ್ದುದರ ನಷ್ಟ ಸಣ್ಣದಲ್ಲ. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ ನೂರು ಮೀಟರಿನೊಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆ ಇನ್ನೂರು ಮೀಟರ್ ಕಟ್ಟಲು ಅನುಮತಿ ಬೇಕು. ಕಲ್ಲಿಗೆ ನಾವು ಕೊಟ್ಟ ಈ ಮರ್ಯಾದೆಯನ್ನು ಬೆಟ್ಟಕ್ಕೆ ಕೊಡಲಿಲ್ಲ. ರಸ್ತೆಗೆಂದು, ಮನೆಗೆಂದು, ತೋಟಕ್ಕೆಂದು ಇಳಿಜಾರನ್ನು ನೆಟ್ಟಗೆ ಕಡಿದೆವು. 2018ರ ಆಗಸ್ಟಿನ ಮಳೆಗೆ ಇದೇ ಘಟ್ಟದ ಜೋಡುಪಾಲ, ಮದೆನಾಡು, ಮೊಣ್ಣಂಗೇರಿಯ ಗುಡ್ಡಗಳು ಜರಿದವು. ಜೀವ ಹೋದವು, ಮನೆಗಳು ಕೊಚ್ಚಿಹೋದವು, ಮಡಿಕೇರಿಗೂ ಸಂಪಾಜೆಗೂ ಸಂಪರ್ಕ ಕಡಿಯಿತು. ಮಳೆ ವಿಪರೀತ ಸುರಿದದ್ದು ನಿಜ. ಆದರೆ ಅಧ್ಯಯನಕ್ಕೆ ಬಂದ ಭೂವಿಜ್ಞಾನಿಗಳು ಮನುಷ್ಯರು ಕಡಿದ ಇಳಿಜಾರುಗಳತ್ತಲೂ ಬೊಟ್ಟು ಮಾಡಿದರು. ಜನರಿಗೆ ರಸ್ತೆ ಬೇಡವೇ, ಆಸ್ಪತ್ರೆಗೆ ಹೋಗುವುದು ಬೇಡವೇ ಎಂದು ಕೇಳುವವರಿದ್ದಾರೆ. ಖಂಡಿತ ಬೇಕು. ಆ ರಸ್ತೆ ಉಳಿಯಬೇಕೆಂದೇ ಅದನ್ನು ಹೊತ್ತಿರುವ ಗುಡ್ಡವೂ ಉಳಿಯಬೇಕು. ಕೋಟೆಯ ಗೋಡೆಯ ಬುಡ ಅಗೆದು ಬಾಗಿಲನ್ನು ಅಗಲ ಮಾಡುವವರುಂಟೇ?

ಕೊಡಗಿನ ಬಾಗಿಲು ನೋಡಬೇಕೆನ್ನುವವರು ಸುಳ್ಯದ ಕಡೆಯಿಂದ, ಹಗಲು ಹೊತ್ತಿನಲ್ಲಿ ಬರುವುದು ಒಳ್ಳೆಯದು. ಸಂಪಾಜೆಯಲ್ಲಿ ಇಳಿದು ಹೊಳೆಯ ದಂಡೆಯಿಂದ ಮೇಲೆ ನೋಡಬೇಕು. ಜೋಡುಪಾಲದ ತಿರುವುಗಳಲ್ಲಿ ಬೆಟ್ಟದ ಮೈಮೇಲಿನ ಕೆಂಪು ಗಾಯಗಳನ್ನೂ ನೋಡಬೇಕು. ಈ ದಾರಿ ಮಡಿಕೇರಿಯನ್ನು ಸೇರುವುದು ಪಶ್ಚಿಮದಿಂದ. ಕೋಟೆಯ ಬಾಗಿಲು ಇರುವುದು ಪೂರ್ವಕ್ಕೆ.