ನೀರಿನಾಳದ ಟಾರ್ಚ್: ಕೊಳ್ಳುವಾಗಲೂ ಮಾರುವಾಗಲೂ ಪರಿಶೀಲಿಸಬೇಕಾದ ಅಂಶಗಳು

ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ಸಮುದ್ರದಲ್ಲಿರುವ ನೇತ್ರಾಣಿ ದ್ವೀಪವು ಸ್ಕೂಬಾ ಡೈವಿಂಗ್ ಆಸಕ್ತರಿಗೆ ಸುಪರಿಚಿತ ತಾಣವಾಗಿದೆ. ಮುಂಗಾರು ಮುಗಿದು ಕಡಲು ಶಾಂತವಾದೊಡನೆ ಅಲ್ಲಿ ಚಟುವಟಿಕೆ ಆರಂಭವಾಗುತ್ತದೆ. ಅಂಡಮಾನ್, ಲಕ್ಷದ್ವೀಪ, ಗೋವಾ, ಮಾಲ್ವಣ ಮತ್ತು ಪುದುಚೇರಿಗಳಲ್ಲಿಯೂ ಈ ಕ್ರೀಡೆ ನೆಲೆಯೂರಿದೆ. ಇದರೊಡನೆ ಸಲಕರಣೆಗಳ ಒಂದು ಪುಟ್ಟ ಮಾರುಕಟ್ಟೆಯೂ ರೂಪುಗೊಂಡಿದ್ದು, ಅಂಗೈಯಲ್ಲಿ ಹಿಡಿಯಬಹುದಾದ ನೀರೊಳಗಿನ ಟಾರ್ಚ್ ಅದರಲ್ಲಿ ಮುಖ್ಯ ಸರಕು. ವಹಿವಾಟಿನ ಗಾತ್ರ ಚಿಕ್ಕದಾದರೂ ಇದರ ಹೊಣೆ ದೊಡ್ಡದು. ಮನೆಯ ಟಾರ್ಚ್ ಕೆಟ್ಟರೆ ಗ್ರಾಹಕರು ಅಂಗಡಿಗೆ ಹಿಂದಿರುಗಿಸುತ್ತಾರೆ. 20 ಮೀಟರ್ ಆಳದ ಕತ್ತಲಲ್ಲಿ ಕೆಡುವ ಟಾರ್ಚ್ ಒಂದು ಜೀವವನ್ನೇ ಅಪಾಯಕ್ಕೆ ಒಡ್ಡಬಲ್ಲುದು.

ಹಗಲಿನಲ್ಲಿಯೂ ಬೆಳಕೇಕೆ?

ರಾತ್ರಿಯ ಡೈವಿಂಗ್‌ಗೆ ಮಾತ್ರ ಟಾರ್ಚ್ ಬೇಕೆಂಬ ಭಾವನೆ ಸರಿಯಲ್ಲ. ನೀರು ಸೂರ್ಯನ ಬೆಳಕಿನ ಕೆಂಪು ಭಾಗವನ್ನು ಮೊದಲು ಹೀರಿಕೊಳ್ಳುತ್ತದೆ. ಕೆಲವೇ ಮೀಟರ್ ಆಳದಲ್ಲಿ ಕೆಂಪು ಮಾಸಿ, ಅನಂತರ ಕಿತ್ತಳೆ ಮತ್ತು ಹಳದಿ ಕುಂದಿ, ಕೊನೆಗೆ ಎಲ್ಲವೂ ನೀಲಿ-ಹಸಿರಾಗಿ ತೋರುತ್ತದೆ. ಹತ್ತಿರದಿಂದ ಬಿಳಿಯ ಬೆಳಕು ಹಾಯಿಸಿದಾಗ ಮಾತ್ರ ಹವಳ ಮತ್ತು ಮೀನುಗಳ ನಿಜವಾದ ಬಣ್ಣ ಕಾಣುತ್ತದೆ. ಬಂಡೆಯ ಸಂದಿಗಳಲ್ಲಿ ಅಡಗಿರುವ ಜೀವಿಗಳನ್ನು ನೋಡಲು ಮತ್ತು ಜೊತೆಗಾರರಿಗೆ ಸಂಕೇತ ನೀಡಲು ಸಹ ಟಾರ್ಚ್ ಬಳಕೆಯಾಗುತ್ತದೆ. ರಾತ್ರಿಯಲ್ಲಾದರೆ ಪ್ರತಿಯೊಬ್ಬ ಮುಳುಗುಗಾರರೂ ಒಂದು ಮುಖ್ಯ ಟಾರ್ಚ್ ಮತ್ತು ಒಂದು ಬದಲಿ ಟಾರ್ಚ್ ಒಯ್ಯುವುದು ರೂಢಿ. ಆ ಬದಲಿ ಸ್ಥಾನಕ್ಕೆ ಹೇಳಿ ಮಾಡಿಸಿದ್ದು ಚಿಕ್ಕ ಗಾತ್ರದ ಟಾರ್ಚ್.

'ವಾಟರ್‌ಪ್ರೂಫ್' ಎಂಬ ಪದದ ಬೆಲೆ

ಸಮುದ್ರದಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಸುಮಾರು ಒಂದು ವಾಯುಭಾರದಷ್ಟು ಒತ್ತಡ ಹೆಚ್ಚುತ್ತದೆ. 30 ಮೀಟರ್ ಆಳದಲ್ಲಿ 40 ಮಿಲಿಮೀಟರ್ ವ್ಯಾಸದ ಟಾರ್ಚ್ ಗಾಜಿನ ಮೇಲೆ ನೀರು ಹೇರುವ ಬಲ ಸುಮಾರು 38 ಕಿಲೋಗ್ರಾಂ ತೂಕಕ್ಕೆ ಸಮ. ಈ ಹಿನ್ನೆಲೆಯಲ್ಲಿ ಪೆಟ್ಟಿಗೆಯ ಮೇಲಿನ ಬರಹವನ್ನು ಓದಬೇಕು. ಐಪಿ 67 ಎಂದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿದ್ದರೂ ಬಾಧೆಯಿಲ್ಲ ಎಂದಷ್ಟೇ ಅರ್ಥ. ಅದು ಮಳೆಗೆ ಸಾಕು, ಡೈವಿಂಗ್‌ಗೆ ಸಾಲದು. ಐಪಿ 68 ಅಥವಾ ಐಪಿಎಕ್ಸ್ 8 ಎಂಬುದು ಅದಕ್ಕಿಂತ ಕಠಿಣವಾದ ದರ್ಜೆಯಾದರೂ, ಎಷ್ಟು ಆಳ ಮತ್ತು ಎಷ್ಟು ಹೊತ್ತು ಎಂಬುದನ್ನು ತಯಾರಕರೇ ಸೂಚಿಸಬೇಕು. ಎರಡು ಮೀಟರಿಗೆ ಪರೀಕ್ಷಿಸಿದ ಟಾರ್ಚೂ ಈ ದರ್ಜೆಯನ್ನು ಹೇಳಿಕೊಳ್ಳಬಹುದು. ಆದ್ದರಿಂದ ಮೀಟರುಗಳಲ್ಲಿ ಆಳವನ್ನು ನಮೂದಿಸದ ಸರಕನ್ನು ಡೈವಿಂಗ್ ಟಾರ್ಚ್ ಎಂದು ಮಾರಬಾರದು. ಹವ್ಯಾಸಿ ಡೈವಿಂಗ್‌ನ ಅಂಗೀಕೃತ ಮಿತಿ 40 ಮೀಟರ್ ಆಗಿರುವುದರಿಂದ, ಅದಕ್ಕಿಂತ ಸಾಕಷ್ಟು ಹೆಚ್ಚಿನ ಆಳಕ್ಕೆ ತಯಾರಾದ ಟಾರ್ಚನ್ನು ಆರಿಸುವುದು ವಿವೇಕ.

ಲ್ಯೂಮೆನ್ ಲೆಕ್ಕಾಚಾರ

ಮಾರುಕಟ್ಟೆಯಲ್ಲಿ ಅತಿ ಹೆಚ್ಚು ಉತ್ಪ್ರೇಕ್ಷೆ ಕಾಣುವುದು ಬೆಳಕಿನ ಪ್ರಮಾಣದಲ್ಲಿ. ಇದನ್ನು ಪರೀಕ್ಷಿಸಲು ಪ್ರಯೋಗಾಲಯ ಬೇಕಿಲ್ಲ, ಕಾಗದ ಮತ್ತು ಲೇಖನಿ ಸಾಕು. ಚಿಕ್ಕ ಟಾರ್ಚುಗಳಲ್ಲಿ ಬಳಸುವ 18650 ಲಿಥಿಯಂ-ಅಯಾನ್ ಕೋಶವು 18 ಮಿಲಿಮೀಟರ್ ವ್ಯಾಸ ಮತ್ತು 65 ಮಿಲಿಮೀಟರ್ ಉದ್ದದ್ದು. ಉತ್ತಮ ಕೋಶದ ಸಾಮರ್ಥ್ಯ 3,500 ಮಿಲಿಆಂಪ್-ಗಂಟೆ, ವೋಲ್ಟೇಜ್ 3.6 ಎಂದಿಟ್ಟುಕೊಂಡರೆ ಅದರಲ್ಲಿರುವ ಶಕ್ತಿ 12.6 ವ್ಯಾಟ್-ಗಂಟೆ. ಎಲ್‌ಇಡಿ ಟಾರ್ಚೊಂದು ಪ್ರತಿ ವ್ಯಾಟ್‌ಗೆ ಸುಮಾರು 100 ಲ್ಯೂಮೆನ್ ನೀಡುತ್ತದೆಂದು ಎಣಿಸಿದರೆ, 1,000 ಲ್ಯೂಮೆನ್‌ಗೆ 10 ವ್ಯಾಟ್ ಬೇಕು. ಅಂದರೆ ಪೂರ್ಣ ಪ್ರಕಾಶದಲ್ಲಿ ಅದು ಉರಿಯುವುದು ಸುಮಾರು ಒಂದೂಕಾಲು ಗಂಟೆ ಮಾತ್ರ. ಒಂದೇ ಕೋಶದ ಟಾರ್ಚ್ 3,000 ಲ್ಯೂಮೆನ್ ಬೆಳಕನ್ನು ನಾಲ್ಕು ಗಂಟೆ ಕಾಲ ನೀಡುವುದೆಂಬ ಬರಹವಿದ್ದರೆ, ಅದಕ್ಕೆ 120 ವ್ಯಾಟ್-ಗಂಟೆಯ ಶಕ್ತಿ ಬೇಕು. ಅಂತಹ ಬರಹ ಸುಳ್ಳೆಂದು ಅಲ್ಲಿಯೇ ನಿರ್ಧರಿಸಬಹುದು. 9,900 ಮಿಲಿಆಂಪ್-ಗಂಟೆ ಎಂದು ಮುದ್ರಿಸಿದ 18650 ಕೋಶವೂ ಇದೇ ಸಾಲಿಗೆ ಸೇರಿದ್ದು.

ಎಎನ್‌ಎಸ್‌ಐ ಎಫ್‌ಎಲ್ 1 ಮಾನದಂಡದ ಪ್ರಕಾರ ಅಳೆದ ಅಂಕಿಗಳು ಹೆಚ್ಚು ನಂಬಲರ್ಹ. ಆದರೆ ಅದರಲ್ಲಿಯೂ ಉರಿಯುವ ಅವಧಿಯನ್ನು ಬೆಳಕು ಆರಂಭದ ಶೇಕಡ 10ಕ್ಕೆ ಇಳಿಯುವವರೆಗೆ ಎಣಿಸಲಾಗುತ್ತದೆ ಎಂಬುದನ್ನು ಗ್ರಾಹಕರಿಗೆ ತಿಳಿಸುವುದು ಉಚಿತ.

ಕಿರಣದ ಕೋನ

ಹೆಚ್ಚು ಬೆಳಕೇ ಉತ್ತಮ ಬೆಳಕೆಂದೇನೂ ಇಲ್ಲ. ಕಲಕಿದ ನೀರಿನಲ್ಲಿ ಅಗಲವಾದ ಕಿರಣವು ತೇಲುವ ಕಣಗಳಿಗೆ ತಾಗಿ ಕಣ್ಣಿಗೇ ಮರಳಿ ರಾಚುತ್ತದೆ. ಮಂಜಿನಲ್ಲಿ ವಾಹನದ ದೊಡ್ಡ ದೀಪ ಹಾಕಿದಂತೆ. ನಮ್ಮ ಪಶ್ಚಿಮ ಕರಾವಳಿಯ ನೀರು ಎಲ್ಲ ದಿನವೂ ತಿಳಿಯಾಗಿರುವುದಿಲ್ಲವಾದ್ದರಿಂದ ಸುಮಾರು 10 ಡಿಗ್ರಿಯ ಕಿರಿದಾದ ಕಿರಣ ಇಲ್ಲಿಗೆ ಹೆಚ್ಚು ಉಪಯುಕ್ತ. ಸಂಕೇತ ನೀಡಲೂ ಅದೇ ಅನುಕೂಲ. 100 ಡಿಗ್ರಿಗೂ ಮೀರಿದ ಅಗಲ ಕಿರಣದ ಟಾರ್ಚುಗಳು ವೀಡಿಯೋ ಚಿತ್ರೀಕರಣಕ್ಕೆಂದೇ ಇರುವಂಥವು. ಗ್ರಾಹಕರ ಉದ್ದೇಶವನ್ನು ಕೇಳಿ ತಿಳಿಯದೆ ಸರಕನ್ನು ತೋರಿಸುವುದು ಸಲ್ಲದು.

ಸೀಲು, ಸ್ವಿಚ್ಚು ಮತ್ತು ಕವಚ

ನೀರು ಒಳನುಗ್ಗದಂತೆ ತಡೆಯುವುದು ಓ-ರಿಂಗ್ ಎಂಬ ಅಗ್ಗದ ರಬ್ಬರ್ ಬಳೆ. ಒಂದರ ಬದಲು ಎರಡು ಓ-ರಿಂಗ್ ಇರುವ ವಿನ್ಯಾಸ ಲೇಸು. ಒಂದು ಕೂದಲೆಳೆ ಅಥವಾ ಮರಳಿನ ಕಣ ಸಿಕ್ಕಿಕೊಂಡರೂ ಸೀಲು ಸೋರುತ್ತದೆ. ನೈಟ್ರೈಲ್ ರಬ್ಬರಿಗೆ ಸಿಲಿಕೋನ್ ಗ್ರೀಸನ್ನು ತೆಳುವಾಗಿ ಸವರಬಹುದು. ಸಿಲಿಕೋನ್ ರಬ್ಬರಿಗೆ ಅದನ್ನೇ ಹಚ್ಚಿದರೆ ರಿಂಗ್ ಉಬ್ಬಿ ಹಾಳಾಗುತ್ತದೆ. ಸೂಕ್ತ ಗ್ರೀಸ್ ಮತ್ತು ಬದಲಿ ಓ-ರಿಂಗ್‌ಗಳನ್ನು ಟಾರ್ಚಿನ ಜೊತೆಗೇ ಒದಗಿಸುವ ವರ್ತಕರಿಗೆ ದೂರುಗಳು ಕಡಿಮೆಯಾಗುವುದು ಖಂಡಿತ.

ಕವಚದ ಗೋಡೆಯನ್ನು ಕೊರೆದು ಕೂರಿಸಿದ ಸ್ವಿಚ್ಚು ನೀರಿಗೆ ಇನ್ನೊಂದು ದಾರಿಯಾಗುತ್ತದೆ. ಅಯಸ್ಕಾಂತದ ಸಹಾಯದಿಂದ ಹೊರಗಿನಿಂದಲೇ ಕೆಲಸ ಮಾಡುವ ಸ್ವಿಚ್ಚಿಗೆ ರಂಧ್ರವೇ ಬೇಕಿಲ್ಲ. ಅಲ್ಯುಮಿನಿಯಂ ಕವಚಕ್ಕೆ ಗಟ್ಟಿ ಆನೊಡೈಸಿಂಗ್ ಇರಬೇಕು. ಲೇಪ ಕಿತ್ತುಹೋದೆಡೆ ಸ್ಟೀಲಿನ ಕೊಂಡಿ ತಾಗಿದರೆ ಉಪ್ಪುನೀರಿನಲ್ಲಿ ಅಲ್ಯುಮಿನಿಯಂ ಬೇಗ ಸವೆಯುತ್ತದೆ. ಪ್ರತಿ ಬಳಕೆಯ ನಂತರ ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ಬ್ಯಾಟರಿಯನ್ನು ತೆಗೆದಿಡಬೇಕು. ಒಳಗೆ ಉಪ್ಪುನೀರು ಸೇರಿದ ಟಾರ್ಚಿನಲ್ಲಿ ಅನಿಲ ಉತ್ಪತ್ತಿಯಾಗಿ ಒತ್ತಡ ಹೆಚ್ಚಿರಬಹುದು. ಅದನ್ನು ಮುಖದ ಎದುರು ಹಿಡಿದು ತೆರೆಯಕೂಡದು.

ವಿಮಾನದಲ್ಲಿ ಪ್ರಯಾಣಿಸುವವರು ಬಿಡಿ ಲಿಥಿಯಂ ಕೋಶಗಳನ್ನು ಕೈಚೀಲದಲ್ಲಿಯೇ ಒಯ್ಯಬೇಕೆಂಬ ನಿಯಮವನ್ನು ಅಂಡಮಾನ್‌ಗೆ ಹೊರಟ ಗ್ರಾಹಕರಿಗೆ ನೆನಪಿಸುವುದು ಒಳ್ಳೆಯದು.

ವರ್ತಕರ ಕಾನೂನು ಹೊಣೆ

ಆಮದು ಮಾಡುವವರಿಗೆ ಈ ಸರಕು ಸುಂಕಪಟ್ಟಿಯ 8513ನೆಯ ಶೀರ್ಷಿಕೆಯಡಿ ಬರುತ್ತದೆ. ಪ್ಯಾಕೇಜಿನ ಮೇಲೆ ಆಮದುದಾರರ ಹೆಸರು ಮತ್ತು ವಿಳಾಸ, ತಯಾರಾದ ದೇಶ, ಗರಿಷ್ಠ ಮಾರಾಟ ಬೆಲೆ ಮುಂತಾದ ವಿವರಗಳು ಕಡ್ಡಾಯ. ಲಿಥಿಯಂ ಕೋಶಗಳಿಗೆ ಐಎಸ್ 16046ರ ಅನ್ವಯ ಭಾರತೀಯ ಮಾನಕ ಬ್ಯೂರೋದ ನೋಂದಣಿ ಇರಬೇಕು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಹೊಣೆ ಆಮದುದಾರರಿಗೂ ಅನ್ವಯಿಸುತ್ತದೆ.

ಇದಕ್ಕಿಂತಲೂ ಮುಖ್ಯವಾದುದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ. ತಯಾರಕರು ಯಾರೆಂದು ತಿಳಿಯದಿದ್ದಾಗ ಅಥವಾ ಅವರು ಭಾರತದ ಕಾನೂನಿನ ವ್ಯಾಪ್ತಿಗೆ ಸಿಗದಿದ್ದಾಗ, ದೋಷಪೂರಿತ ಸರಕಿನಿಂದಾದ ಹಾನಿಗೆ ಮಾರಾಟಗಾರರನ್ನೇ ಹೊಣೆ ಮಾಡಲು ಅದರಲ್ಲಿ ಅವಕಾಶವಿದೆ. ತಯಾರಕರು ಹೇಳದ ಭರವಸೆಯನ್ನು ಮಾರಾಟಗಾರರೇ ನೀಡಿದ್ದು, ಅದು ಸುಳ್ಳಾಗಿ ಹಾನಿಯುಂಟಾದರೂ ಹಾಗೆಯೇ. ಹೆಸರಿಲ್ಲದ ಅಗ್ಗದ ಟಾರ್ಚನ್ನು 'ನೂರು ಮೀಟರ್ ಆಳಕ್ಕೂ ಸರಿ' ಎಂದು ಬಾಯಿಮಾತಿನಲ್ಲಿ ಹೊಗಳಿ ಮಾರುವವರು ಈ ಅಂಶವನ್ನು ಮರೆಯಬಾರದು.

ಸಣ್ಣ ಉದ್ದಿಮೆಗಳಿಗೆ ಅವಕಾಶ

ಇಂತಹ ಟಾರ್ಚಿನ ಕವಚಕ್ಕೆ ಬೇಕಾದ ಸಿಎನ್‌ಸಿ ಲೇತ್ ಕೆಲಸ ಮತ್ತು ಆನೊಡೈಸಿಂಗ್ ಬೆಂಗಳೂರಿನ ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳಿಗೆ ಹೊಸತಲ್ಲ. ಹವ್ಯಾಸಿ ಮುಳುಗುಗಾರರು ಮಾತ್ರವಲ್ಲದೆ ಮೀನುಗಾರರು, ಅಗ್ನಿಶಾಮಕ ಮತ್ತು ರಕ್ಷಣಾ ತಂಡಗಳು, ಜಲಾಶಯದ ಗೇಟುಗಳನ್ನು ಪರಿಶೀಲಿಸುವವರು ಸಹ ಇದರ ಸಂಭಾವ್ಯ ಗ್ರಾಹಕರು. ಅಳತೆಯ ನಿಖರತೆ ಮತ್ತು ಓ-ರಿಂಗ್ ಕೂರುವ ತೋಡಿನ ನುಣುಪು, ಇವೆರಡರಲ್ಲಿಯೇ ಈ ಸರಕಿನ ಗುಣಮಟ್ಟ ಅಡಗಿದೆ.

ಪರೀಕ್ಷೆಗೆ ದುಬಾರಿ ವ್ಯವಸ್ಥೆಯೂ ಬೇಕಿಲ್ಲ. ಪೈಪು ಮತ್ತು ವಾಲ್ವುಗಳ ತಪಾಸಣೆಗೆ ಬಳಸುವ ಕೈಪಂಪಿಗೆ ಗಟ್ಟಿಯಾದ ಉಕ್ಕಿನ ಪಾತ್ರೆಯೊಂದನ್ನು ಜೋಡಿಸಿದರೆ ಆಯಿತು. ಬ್ಯಾಟರಿ ತೆಗೆದು, ಒಳಗೆ ಒಣಗಿದ ಟಿಶ್ಯೂ ಕಾಗದವಿರಿಸಿ, ಟಾರ್ಚನ್ನು ನೀರು ತುಂಬಿದ ಪಾತ್ರೆಯಲ್ಲಿಟ್ಟು ಒತ್ತಡ ಏರಿಸಬೇಕು. ನಾಲ್ಕು ಬಾರ್ ಒತ್ತಡವು ಸುಮಾರು 40 ಮೀಟರ್ ಆಳಕ್ಕೆ ಸಮ. ಕಾಗದ ಒಣಗಿಯೇ ಉಳಿದರೆ ಸೀಲು ಸರಿಯಿದೆ ಎಂದರ್ಥ. ಪಾತ್ರೆಯಲ್ಲಿ ಗಾಳಿ ಉಳಿಯದಂತೆ ಪೂರ್ತಿ ನೀರು ತುಂಬುವುದು ಸುರಕ್ಷತೆಯ ದೃಷ್ಟಿಯಿಂದ ಅತ್ಯಗತ್ಯ. ಆಮದುದಾರರೂ ಪ್ರತಿ ಕಂತಿನಿಂದ ಕೆಲವು ಟಾರ್ಚುಗಳನ್ನು ಆಯ್ದು ಹೀಗೆ ಪರೀಕ್ಷಿಸಿ, ಫಲಿತಾಂಶವನ್ನು ದಿನಾಂಕ ಸಹಿತ ದಾಖಲಿಸಿಡುವುದು ಒಳಿತು.

ಪೆಟ್ಟಿಗೆಯ ಮೇಲೆ ಬರೆದದ್ದನ್ನೇ ನಂಬಿ ಗ್ರಾಹಕರು ನೀರಿಗಿಳಿಯುತ್ತಾರೆ. ಆ ಬರಹವನ್ನು ಪರೀಕ್ಷಿಸಿ ನೋಡಿದ ವರ್ತಕರು ಮಾತ್ರ ಈ ಸರಕಿನ ವ್ಯಾಪಾರದಲ್ಲಿ ಬಹುಕಾಲ ನಿಲ್ಲಬಲ್ಲರು.