ಬೆಕ್ಕಿನ ಹೊಟ್ಟೆಯೂ ನಮ್ಮ ಮೊಸರನ್ನವೂ

ಹಾಲನ್ನು ಕಂಡೊಡನೆ ಕಾಲಿಗೆ ಬುದ್ಧಿ ಹೇಳಿದ ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆಯನ್ನು ಬಾಲ್ಯದಲ್ಲಿ ಕೇಳದ ಕನ್ನಡಿಗರು ವಿರಳ. ಕುದಿಯುವ ಹಾಲಿಟ್ಟು ಬೆಕ್ಕಿನ ಮೂತಿ ಸುಡಿಸಿದ ಆ ವಿಕಟಕವಿಯ ಜಾಣ್ಮೆಗೆ ನಕ್ಕವರೆಲ್ಲರೂ, ಹಾಲೇ ಬೆಕ್ಕಿನ ಆಹಾರವೆಂಬ ಮಾತನ್ನು ಮಾತ್ರ ಪ್ರಶ್ನಿಸದೆ ನಂಬಿಕೊಂಡು ಬಂದಿರುತ್ತಾರೆ. ನಾವೂ ನಂಬಿದ್ದೆವು. ಅದರ ದಂಡವನ್ನು ತೆತ್ತವರು ನಾವಲ್ಲ. ನಮ್ಮನ್ನು ನಂಬಿದ್ದ ಒಂದು ಬೆಕ್ಕು.

ಸಂಪಾದಕನ ಕುರ್ಚಿಗೆ ಬರುವ ಮೊದಲು ನಾವು ಗಲ್ಲಾದ ಮೇಲೆ ಕುಳಿತಿದ್ದವರೆಂಬುದು ವಾಚಕರಿಗೆ ಹೊಸ ಸಂಗತಿಯೇನಲ್ಲ. 2012ರಲ್ಲಿ, ಮಾಟುಂಗದ ನಮ್ಮ ಹೋಟೆಲಿನ ಹುಡುಗರು ಮಲಗುತ್ತಿದ್ದ ಕೋಣೆಗೆ ಬೂದುಬಣ್ಣದ ಒಂದು ಹೆಣ್ಣು ಮರಿ ಬಂದು ಸೇರಿಕೊಂಡಿತು. ಹುಡುಗರು ಅದಕ್ಕೆ ಬೆಳ್ಳಿ ಎಂದು ಹೆಸರಿಟ್ಟರು. ಅಡಿಗೆಮನೆಯೊಳಗೆ ಪ್ರಾಣಿಗಳನ್ನು ಬಿಡುವುದು ಕಾನೂನಿಗೆ ವಿರುದ್ಧವಾದುದರಿಂದ, ಅದರ ಸಂಸಾರವೆಲ್ಲ ಆ ಕೋಣೆ ಮತ್ತು ಅದಕ್ಕೆ ಅಂಟಿಕೊಂಡ ಹಳೆಯ ಸಾಮಾನಿನ ಕೊಟ್ಟಿಗೆಯಲ್ಲಿಯೇ ನಡೆಯುತ್ತಿತ್ತು. ಬೆಳಿಗ್ಗೆ ಹಾಲಿನಲ್ಲಿ ನೆನೆಸಿದ ಇಡ್ಲಿ, ಮಧ್ಯಾಹ್ನ ಮೊಸರನ್ನ, ರಾತ್ರಿ ಉಳಿದ ಸಾಂಬಾರು ಅನ್ನ. ನಮ್ಮ ಹೋಟೆಲಿನ ಬೆಕ್ಕು ಕೂಡ ಶುದ್ಧ ಶಾಕಾಹಾರಿ ಎಂದು ಗಿರಾಕಿಗಳೆದುರು ಹೆಮ್ಮೆಯಿಂದ ಹೇಳಿಕೊಂಡದ್ದೂ ಉಂಟು. ಅದಕ್ಕೆ ಸದಾ ಭೇದಿ. ಬೆಕ್ಕಿನ ಹೊಟ್ಟೆಯೇ ಹಾಗೆಂದು ನಾವು ಸುಮ್ಮನಿದ್ದೆವು. ಹುಡುಗರು ಬೂದಿ ಎರಚಿ ಗುಡಿಸುತ್ತಿದ್ದರು.

2014ರಲ್ಲಿ ಆ ಕೊಟ್ಟಿಗೆಯನ್ನು ದುರಸ್ತಿ ಮಾಡಿಸಿ, ಬಿಲಗಳಿಗೆಲ್ಲ ಸಿಮೆಂಟು ಮೆತ್ತಿಸಿದೆವು. ಇಲಿಗಳ ಕಾಟ ನಿಂತಿತು. 2016ರ ಹೊತ್ತಿಗೆ ಬೆಳ್ಳಿ ಕಿಟಕಿಯ ಅಂಚಿಗೆ ಹಾರಲು ಹೋಗಿ ಗೋಡೆಗೆ ಬಡಿಯತೊಡಗಿತು. ಹಾಡುಹಗಲಿನಲ್ಲಿಯೂ ಅದರ ಕಣ್ಣಿನ ಪಾಪೆಗಳು ಅಗಲವಾಗಿ ತೆರೆದುಕೊಂಡೇ ಇರುತ್ತಿದ್ದವು. ಪಶುವೈದ್ಯರಲ್ಲಿಗೆ ಒಯ್ದೆವು. ಅವರು ಕಣ್ಣನ್ನು ಪರೀಕ್ಷಿಸಿ, ಏನು ತಿನ್ನಿಸುತ್ತೀರೆಂದು ಕೇಳಿದರು. ಸಂಕೋಚವಿಲ್ಲದೆ ಹೇಳಿದೆವು. ಇಲಿಗಳ ವಿಷಯವನ್ನೂ ಕೇಳಿ ತಿಳಿದುಕೊಂಡ ಬಳಿಕ ಅವರು ಅಂದದ್ದಿಷ್ಟು: “ಇಷ್ಟು ದಿನ ಇದನ್ನು ಸಾಕಿದವರು ನೀವಲ್ಲ, ನಿಮ್ಮ ಇಲಿಗಳು.”

ಆ ಮಾತಿನ ಅರ್ಥವನ್ನು ಅವರು ಬಿಡಿಸಿ ಹೇಳಿದರು. ಅನಂತರ ನಾವೂ ಓದಿ ತಿಳಿದೆವು. ಬೆಕ್ಕು ಹುಟ್ಟಾ ಮಾಂಸಾಹಾರಿ. ನಾಯಿಯಂತೆ ರೊಟ್ಟಿಗೂ ಒಗ್ಗಿಕೊಂಡು ಬಾಳಬಲ್ಲ ಪ್ರಾಣಿಯಲ್ಲ. ಅದರ ಜೊಲ್ಲಿನಲ್ಲಿ ಪಿಷ್ಟವನ್ನು ಒಡೆಯುವ ರಸವಿಲ್ಲ, ಕರುಳೂ ಮೊಟಕು. ಚೆನ್ನಾಗಿ ಬೆಂದ ಅನ್ನವನ್ನು ಒಂದಿಷ್ಟು ಅರಗಿಸಿಕೊಂಡೀತು, ಆದರೆ ಅದರಿಂದಲೇ ಬದುಕಲಾರದು. ಮುಖ್ಯವಾಗಿ ಅದಕ್ಕೆ ಬೇಕಾದುದು ಟಾರಿನ್ ಎಂಬ ಪದಾರ್ಥ. ಮಾಂಸ ಮೀನುಗಳಲ್ಲಿ ದೊರೆಯುವ ಇದು ಧಾನ್ಯ ತರಕಾರಿಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಹಸುವಿನ ಹಾಲಿನಲ್ಲಿಯೂ ಅತ್ಯಲ್ಪ. ಕೊಬ್ಬನ್ನು ಜೀರ್ಣಿಸುವ ಬೆಕ್ಕಿನ ಪಿತ್ತರಸಕ್ಕೆ ಟಾರಿನ್ ಬೇಕೇ ಬೇಕು. ಅದರಲ್ಲಿ ಒಂದು ಪಾಲು ದಿನವೂ ಮಲದೊಂದಿಗೆ ಹೊರಬೀಳುತ್ತದೆ. ಹೊಸದನ್ನು ಸಾಕಷ್ಟು ತಯಾರಿಸಿಕೊಳ್ಳುವ ಶಕ್ತಿಯೋ ಆ ದೇಹಕ್ಕಿಲ್ಲ. ಜಮೆಯಿಲ್ಲದೆ ಖರ್ಚು ಮಾತ್ರವೇ ಇರುವ ಖಾತೆಯ ಗತಿಯನ್ನು ನಮ್ಮ ಗುಮಾಸ್ತ ಬಂಧುಗಳಿಗೆ ನಾವು ಹೇಳಬೇಕಾಗಿಲ್ಲ. ಟಾರಿನ್ ಇಲ್ಲದ ಆಹಾರದಿಂದ ಬೆಕ್ಕಿನ ಅಕ್ಷಿಪಟಲ ನಶಿಸುವುದೆಂದು 1975ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿಕೊಟ್ಟರು. ಹೃದಯ ಹಿಗ್ಗಿ ಸಾಯುವ ಬೆಕ್ಕುಗಳ ರೋಗಕ್ಕೂ ಇದೇ ಕೊರತೆ ಕಾರಣವಾಗುವುದೆಂದು 1987ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯವರು ಪ್ರಕಟಿಸಿದರು. ಬೆಳ್ಳಿಗೆ ಇಲಿಗಳ ಮೂಲಕ ಬರುತ್ತಿದ್ದ ಜಮೆಯನ್ನು ನಾವು ಸಿಮೆಂಟು ಹಾಕಿ ಮುಚ್ಚಿದ್ದೆವು.

ಇನ್ನು ಹಾಲಿನ ಮಾತು. ತಾಯಿಯ ಮೊಲೆ ಬಿಟ್ಟ ಮೇಲೆ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಬೆಕ್ಕುಗಳಲ್ಲಿ ಕುಗ್ಗುತ್ತ ಹೋಗುತ್ತದೆ. ಅರಗದ ಸಕ್ಕರೆ ಕರುಳಿನೊಳಕ್ಕೆ ನೀರನ್ನು ಸೆಳೆದು, ಹುಳಿತು, ಭೇದಿಯಾಗುತ್ತದೆ. ಮೊಸರಿನಲ್ಲಿ ಆ ಸಕ್ಕರೆ ತುಸು ಕಡಿಮೆ, ಅಷ್ಟೆ. ಹಾಗಾದರೆ ಬೆಕ್ಕು ಹಾಲಿಗೆ ಹಾತೊರೆಯುವುದೇಕೆ? ಕೊಬ್ಬಿನ ಆಸೆಗೆ. ಸಿಹಿಯ ರುಚಿ ಅದಕ್ಕೆ ತಿಳಿಯುವುದೇ ಇಲ್ಲ. ಸಿಹಿಯನ್ನು ಗುರುತಿಸುವ ವಂಶವಾಹಿಯೇ ಅದರಲ್ಲಿ ಕೆಟ್ಟಿರುವುದೆಂದು 2005ರಲ್ಲಿ ತಿಳಿದುಬಂದಿತು. ನಮ್ಮ ಮೈಸೂರುಪಾಕನ್ನು ಮೆಚ್ಚಿದ ಬೆಕ್ಕು ಮೆಚ್ಚಿದ್ದು ತುಪ್ಪವನ್ನೇ ಹೊರತು ಪಾಕವನ್ನಲ್ಲ.

ಸಾಂಬಾರು ಇದಕ್ಕಿಂತಲೂ ಕೆಟ್ಟದು. ಈರುಳ್ಳಿ, ಬೆಳ್ಳುಳ್ಳಿಗಳು ಹಸಿಯಾಗಿರಲಿ ಬೆಂದಿರಲಿ, ಬೆಕ್ಕಿನ ರಕ್ತದ ಕೆಂಪು ಕಣಗಳನ್ನು ಒಡೆದುಹಾಕುತ್ತವೆ. ಎಂಜಲೆಲೆ ಬಳಿಯುವ ಬಂಧುಗಳು ದಯವಿಟ್ಟು ಇದನ್ನು ನೆನಪಿಡಬೇಕು.

ಪಾರ್ಸಲು ಕಟ್ಟುವ ದಾರದ ಬಗ್ಗೆ ಯಾರೂ ಹೇಳುವುದಿಲ್ಲವಾದುದರಿಂದ ನಾವು ಹೇಳುತ್ತೇವೆ. ಬೆಣ್ಣೆಯ ವಾಸನೆ ಹತ್ತಿದ ದಾರವನ್ನು ಬೆಕ್ಕು ನೆಕ್ಕಲು ತೊಡಗಿದರೆ, ಅದರ ನಾಲಗೆಯ ಮುಳ್ಳುಗಳು ಒಳಮುಖವಾಗಿರುವುದರಿಂದ ಉಗುಳಲಾರದೆ ನುಂಗಿಯೇ ನುಂಗುತ್ತದೆ. ದಾರದ ಒಂದು ತುದಿ ನಾಲಗೆಯ ಬುಡದಲ್ಲಿ ಸಿಕ್ಕಿಕೊಂಡು, ಇನ್ನೊಂದು ತುದಿ ಕರುಳಿನಲ್ಲಿ ಸಾಗುವಾಗ, ಲಾಡಿ ಎಳೆದ ಚಡ್ಡಿಯಂತೆ ಕರುಳು ನೆರಿಗೆಗಟ್ಟಿ ಕೊನೆಗೆ ಹರಿಯುತ್ತದೆ. ಬಾಯಿಂದಾಗಲಿ ಹಿಂದಿನಿಂದಾಗಲಿ ದಾರ ಇಣುಕಿದರೆ ಎಳೆಯಕೂಡದು. ನೇರವಾಗಿ ವೈದ್ಯರಲ್ಲಿಗೆ ಒಯ್ಯಬೇಕು. ಮಲ್ಲಿಗೆಮಾಲೆಯ ನೂಲಿಗೂ ಇದೇ ಮಾತು.

ಬಡ ಕೂಲಿಕಾರನು ಬೆಕ್ಕಿಗೆ ಏನು ಹಾಕಬೇಕು? ಪೂರ್ಣಾಹಾರವೆಂದು ಬರೆದಿರುವ ಬೆಕ್ಕಿನ ಪೊಟ್ಟಣದ ಆಹಾರ ಎಲ್ಲಕ್ಕಿಂತ ನಿಶ್ಚಿತವಾದ ದಾರಿ. ನಾಯಿಯ ಆಹಾರ ಅದರ ಬದಲಿಯಾಗಲಾರದು. ದಿನವೂ ಅದಕ್ಕೆ ಶಕ್ತಿಯಿಲ್ಲದವರು, ಪೊಟ್ಟಣದ ಜೊತೆಗೆ ಕೋಳಿಯಂಗಡಿಯಲ್ಲಿ ಅಗ್ಗವಾಗಿ ಸಿಗುವ ಕೋಳಿಯ ಹೃದಯವನ್ನೋ ಕಾಲಿನ ಮಾಂಸವನ್ನೋ ಉಪ್ಪು ಮಸಾಲೆಯಿಲ್ಲದೆ ಬೇಯಿಸಿ ಹಾಕಬಹುದು. ಟಾರಿನ್ ನೀರಿನಲ್ಲಿ ಕರಗುವ ವಸ್ತು. ಆದುದರಿಂದ ಬೇಯಿಸಿದ ನೀರನ್ನು ಚೆಲ್ಲದೆ ಮೇಲೆ ಸುರಿಯಬೇಕು. ಬಾಯಾರಿಕೆ ಕಡಿಮೆಯಿರುವ ಈ ಪ್ರಾಣಿಗೆ ಅದರಿಂದ ನೀರೂ ಸೇರಿ ಮಲಬದ್ಧತೆ ದೂರವಾದೀತು. ಹಸಿ ಮೀನು ಬೇಡ. ಕೆಲವು ಮೀನುಗಳು ಬಿ1 ಜೀವಸತ್ವವನ್ನು ಹಾಳುಮಾಡುತ್ತವೆ, ಬೇಯಿಸಿದರೆ ಆ ದೋಷ ಹೋಗುತ್ತದೆ. ಬೆಂದ ಮುಳ್ಳು, ಮೂಳೆಗಳನ್ನು ತೆಗೆಯತಕ್ಕದ್ದು. ನಾಲ್ಕು ಕಿಲೋ ತೂಕದ ಬೆಕ್ಕಿಗೆ ದಿನಕ್ಕೆ ಸುಮಾರು 200ರಿಂದ 250 ಕ್ಯಾಲೊರಿ ಸಾಕು. ಅದನ್ನೂ ಹಲವು ತುತ್ತುಗಳಾಗಿ ಹಂಚಬೇಕು. ಆಹಾರ ಬದಲಿಸುವುದಾದರೆ ಒಂದು ವಾರದ ಅವಧಿಯಲ್ಲಿ ನಿಧಾನವಾಗಿ ಬದಲಿಸಬೇಕು.

ಇಲ್ಲಿ ಕೆಲವರು ಹುಬ್ಬುಗಂಟಿಕ್ಕುವರೆಂದು ಬಲ್ಲೆವು. ಮೊಟ್ಟೆಯನ್ನೂ ಮುಟ್ಟದ ಮನೆಯಲ್ಲಿ ಹುಟ್ಟಿದ ನಮಗೂ ಇದು ಸುಲಭವಾಗಿರಲಿಲ್ಲ. ವೈದ್ಯರು ಕೊಟ್ಟ ಡಬ್ಬಿಯನ್ನು ಮೊದಲ ದಿನ ಒಬ್ಬ ಹುಡುಗನಿಂದ ತೆರೆಸಿ, ನಾವು ಬಾಗಿಲ ಹೊರಗೆ ನಿಂತಿದ್ದೆವು. ಆದರೆ ನಮ್ಮ ವ್ರತ ನಮ್ಮದು. ಅದನ್ನು ಬೆಕ್ಕಿನ ಕೈಯಿಂದ ಆಚರಿಸಿ ಪುಣ್ಯ ಗಳಿಸುವ ಹಕ್ಕು ನಮಗಿಲ್ಲ. ಮಾಂಸದ ವಾಸನೆಯನ್ನು ಸಹಿಸಲಾರದವರು ಬೆಕ್ಕನ್ನು ಸಾಕದಿರುವುದೇ ಲೇಸೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಬೆಕ್ಕು ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ ಕಾಯುತ್ತ ಕೂಡಬಾರದು. ದಪ್ಪ ಬೆಕ್ಕುಗಳಲ್ಲಿ ಉಪವಾಸದಿಂದ ಯಕೃತ್ತಿಗೆ ಕೊಬ್ಬು ತುಂಬಿ ಪ್ರಾಣಕ್ಕೇ ಅಪಾಯ. ಗಂಡು ಬೆಕ್ಕು ತಿಣುಕುತ್ತಿದ್ದರೆ ಮಲ ಕಟ್ಟಿದೆಯೆಂದು ಜನರು ಎಣಿಸುತ್ತಾರೆ. ಎಷ್ಟೋ ಸಲ ಕಟ್ಟಿರುವುದು ಮೂತ್ರ, ಅದು ಎರಡು ಮೂರು ದಿನಗಳಲ್ಲಿ ಕೊಲ್ಲಬಲ್ಲದು. ನಮ್ಮ ತಲೆನೋವಿನ ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕಿಗೆ ವಿಷ. ಮುಂಬಯಿಯ ಬಂಧುಗಳಿಗೆ ಪರೇಲಿನಲ್ಲಿ ಬಾಯಿ ಸಾಕರಬಾಯಿ ದಿನ್‌ಶಾ ಪೆಟಿಟ್ ಪ್ರಾಣಿಗಳ ಆಸ್ಪತ್ರೆ ಇದೆ. 1886ರಲ್ಲಿ ಸ್ಥಾಪಿತವಾದ ಪಶುವೈದ್ಯಕೀಯ ಕಾಲೇಜೂ ಪರೇಲಿನಲ್ಲಿಯೇ ಇದೆ.

ಆಹಾರ ಬದಲಿಸಿದ ಮೂರು ವಾರಗಳಲ್ಲಿ ಬೆಳ್ಳಿಯ ಭೇದಿ ನಿಂತಿತು, ಮೈ ತುಂಬಿಕೊಂಡಿತು. ನಶಿಸಿದ ಅಕ್ಷಿಪಟಲ ಮರಳಲಿಲ್ಲ. ಅದು ಮೀಸೆಯಿಂದ ಗೋಡೆಯನ್ನು ಸವರುತ್ತ ಕೋಣೆಯ ದಾರಿಗಳನ್ನು ಕಲಿತುಕೊಂಡಿತು. ಹುಡುಗರು ಟ್ರಂಕುಗಳನ್ನು ಕದಲಿಸುವುದನ್ನು ಬಿಟ್ಟರು. ಊರಿನಿಂದ ಹೊಸ ಹುಡುಗ ಬಂದಾಗ, ಹಾಸಿಗೆ ಬಿಚ್ಚುವ ಮೊದಲೇ ಅವನಿಗೆ ಬೆಳ್ಳಿಯ ತಟ್ಟೆಯ ಜಾಗವನ್ನು ತೋರಿಸಿ, ಅದನ್ನು ಒಂದು ಗೇಣೂ ಸರಿಸಕೂಡದೆಂದು ಹೇಳುತ್ತಿದ್ದರು.